ಶಾಂತ ಸ್ವಭಾವದ ರೈಟರಮ್ಮ

ನಾನು ಶಾಂತ ಸ್ವಭಾವದವಳಂತೆ. ಹಾಗೆಂದು ನನ್ನ ಮೊಬೈಲಿಗೇ ಬಂತು. ಅದೂ ಕಾಫಿ ಕೊಯ್ಲಿನ ಸಂಜೆ, ಚೀಲದಲ್ಲಿ ಎಲೆ, ಕಡ್ಡಿ ಎಲ್ಲ ತುಂಬಿ ತಂದವನೊಬ್ಬನಿಗೆ ತೂಕದ ಜಾಗದಲ್ಲಿ ನಿಂತು ಬೈಯುತ್ತಿರುವಾಗ. ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ ಓದಿದೆ. ‘ನೀವು ಶಾಂತ ಸ್ವಭಾವದವರು. ಇತರರಿಗೆ ಬೆಂಬಲವಾಗಿ ನಿಲ್ಲುವುದರಲ್ಲಿ ನಿಮಗೆ ಸಂತೋಷವಿದೆ. ಮುಂದೆ ನಿಂತು ನಿರ್ಧಾರ ತೆಗೆದುಕೊಳ್ಳುವ ಕೆಲಸ ನಿಮಗೆ ಒತ್ತಡ ತರಬಹುದು.’ ಓದಿ ಮುಗಿಸಿ, ಉಳಿದರ್ಧ ಬೈದೆ.

ಮನೆಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಮೀನು ಶುಚಿ ಮಾಡುತ್ತಿದ್ದವರು ಕತ್ತಿ ಕೆಳಗಿಟ್ಟು ನಕ್ಕರು. ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿ ನಗುವುದೂ ಸ್ವಲ್ಪ ಜೋರೇ.

“ಯಾರ್, ನೀನಾ ಶಾಂತ? ಆ ಮೊಬೈಲ್‌ಗೆ ಕಿವಿ ಇಲ್ಲೆನಾ?”

ನಾನೂ ನಕ್ಕೆ. ಆದರೆ ಒಳಗೆ ಹೋಗಿ ಅದನ್ನು ಇನ್ನೊಮ್ಮೆ ಓದಿದೆ.

ನಾನು ಕೊಡಗಿನ ಮೂರ್ನಾಡಿನ ಆಚೆ ಒಂದು ಎಸ್ಟೇಟಿನಲ್ಲಿ ರೈಟರ್. ಹೆಸರು ಕೇಳಿ ಕತೆ ಬರೆಯುವವಳು ಅಂದುಕೊಳ್ಳಬೇಡಿ. ಆಳುಗಳ ಹಾಜರಿ ಹಾಕಿ, ಯಾರು ಯಾವ ಕಡೆ ಕೊಯ್ಯಬೇಕೆಂದು ಹೇಳಿ, ಸಂಜೆ ಹಣ್ಣು ತೂಗಿಸುವವಳು. ತೋಟದ ಲೈನ್ ಮನೆಗಳಲ್ಲಿರುವ ತಮಿಳರಿಗೆ ತಮಿಳಿನಲ್ಲಿ, ಅಸ್ಸಾಮಿನವರಿಗೆ ನನ್ನದೇ ಒಂದು ಹಿಂದಿಯಲ್ಲಿ, ಲಾರಿಯವನಿಗೆ ಮಲಯಾಳದಲ್ಲಿ ಬೈಯಲು ಬರುತ್ತದೆ. ನಮ್ಮ ಅಸಿಸ್ಟೆಂಟ್ ಮ್ಯಾನೇಜರ್ ಮಳೆಗಾಲದಲ್ಲಿ ಕೆಲಸ ಬಿಟ್ಟು ಹೋದ ಮೇಲೆ ಅವರ ಕೆಲಸವೂ ನನ್ನ ತಲೆಗೇ ಬಂದಿತ್ತು. ನೆರಳಿನ ಮರಗಳ ಕೊಂಬೆ ಎಷ್ಟು ಕಡಿಸಬೇಕು, ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು, ಆನೆ ಬಂದು ಹೋದ ಬೆಳಿಗ್ಗೆ ಆಳುಗಳನ್ನು ಯಾವ ದಾರಿಯಲ್ಲಿ ಕಳಿಸಬೇಕು, ಎಲ್ಲ ನಾನೇ ನೋಡುತ್ತಿದ್ದೆ. ಆ ಹುದ್ದೆ ಮಾತ್ರ ಖಾಲಿ. ಅದು ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಆ ವಿಷಯ ಬಂದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಗಂಡನಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಕಂಪೆನಿಯ ದೊಡ್ಡ ಆಫೀಸಿನಿಂದ ಹೊಸ ಪದ್ಧತಿ ಬಂತು. ಮೇಲಿನ ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳುವುದಿದ್ದರೂ ಮೊದಲು ವ್ಯಕ್ತಿತ್ವ ಪರೀಕ್ಷೆ. ಎಲ್ಲ ತೋಟಗಳ ಸ್ಟಾಫಿಗೂ ಲಿಂಕ್ ಬಂತು. ಸ್ಟೋರಿನಲ್ಲಿ ಗೊಬ್ಬರದ ಚೀಲದ ಮೇಲೆ ಕೂತು ಬರೆದೆ. ‘ಗುಂಪಿನಲ್ಲಿ ನೀವು ಮುಂದಾಳತ್ವ ವಹಿಸುತ್ತೀರಾ?’ ಕೆಲವೊಮ್ಮೆ. ‘ನಿಮ್ಮ ನಿರ್ಧಾರಗಳ ಬಗ್ಗೆ ನಿಮಗೆ ವಿಶ್ವಾಸವಿದೆಯೇ?’ ಸ್ವಲ್ಪ ಮಟ್ಟಿಗೆ. ‘ಹೆಚ್ಚಿನ ಜವಾಬ್ದಾರಿ ನಿಮಗೆ ಇಷ್ಟವೇ?’ ಇಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಒತ್ತಿದ್ದು ‘ಹೇಳಲಾರೆ’. ಪುಸ್ತಕದ ಕನ್ನಡದಲ್ಲಿ ಅಷ್ಟು ಮರ್ಯಾದೆಯಿಂದ ಕೇಳಿದರೆ, ಯಾರೋ ಹಿರಿಯರು ಜಗಲಿಯಲ್ಲಿ ಕೂತು ಕೇಳಿದ ಹಾಗೆ ಆಗುತ್ತದೆ. ಅವರ ಎದುರು ‘ಹೌದು, ನನ್ನಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ’ ಎನ್ನಲು ಆಗುತ್ತದೆಯೇ?

ಫಲಿತಾಂಶ ಬಂದ ಮೇಲೆ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ನನ್ನ ಮೇಲೆ ನಾನೇ ಕಾವಲು ಹಾಕಿಕೊಂಡೆ. ಕೊಯ್ಯುವವರ ನಡುವೆ ಕೂಗಿ ಮಾತಾಡಿ, ತಕ್ಷಣ ನಿಂತು, ಈಗ ಕೂಗಿದ್ದು ಶಾಂತ ಸ್ವಭಾವದವಳೋ ಅಲ್ಲವೋ ಎಂದು ಕೇಳಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರೆ ಅದೂ ಲೆಕ್ಕಕ್ಕೆ ಬರುತ್ತಿತ್ತು. ಮೊದಲು ಪರೀಕ್ಷೆ ಮಾಡಿದವರ ಮೇಲೆ ಸಿಟ್ಟು ಬಂತು. ಆಮೇಲೆ ಒಂದು ಕೆಟ್ಟ ಅನುಮಾನ ಶುರುವಾಯಿತು. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರಲ್ಲ, ನನ್ನ ಕೂಗಾಟವೆಲ್ಲ ಅಷ್ಟೇ ಇರಬಹುದೇ? ಮೊಬೈಲಿಗೆ ಗೊತ್ತಾದದ್ದು ನನಗೇ ಗೊತ್ತಿರಲಿಲ್ಲವೇ? ಸಾರಿಗೆ ಉಪ್ಪು ಹಾಕುವುದೂ ಮರೆಯುತ್ತಿತ್ತು. ಅತ್ತೆ ಎರಡು ದಿನ ಸುಮ್ಮನೆ ಉಂಡರು.

ಆ ಭಾನುವಾರ ನಾಪೋಕ್ಲಿನ ಹತ್ತಿರ ಗಂಡನ ಅಕ್ಕನ ಮನೆಯಲ್ಲಿ ಊಟ. ಅವರ ಮಗ ಮೈಸೂರಿನ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಹೊಸ ಸೊಸೆಯನ್ನು ನೆಂಟರಿಗೆ ತೋರಿಸಬೇಕಿತ್ತು. ನಮ್ಮಲ್ಲಿ ಊಟಕ್ಕೆ ಕೂತವರು ‘ಬೇಡ’ ಎನ್ನಬೇಕು, ಬಡಿಸುವವರು ಕೇಳಿಸದವರ ಹಾಗೆ ಬಡಿಸಬೇಕು. ಮೊದಲ ಸಲಕ್ಕೇ ‘ಹಾಕಿ’ ಅಂದವರನ್ನು ನೆಂಟರು ದಾರಿಯುದ್ದಕ್ಕೂ ಆಡಿಕೊಳ್ಳುತ್ತಾರೆ. ತಟ್ಟೆಗೆ ಅಡ್ಡ ಹಿಡಿದ ಕೈಯ ಬೆರಳು ಬಿಡಿಸಿದ್ದರೆ ಹೊಟ್ಟೆಯಲ್ಲಿ ಇನ್ನೂ ಜಾಗವಿದೆ ಎಂದರ್ಥ. ತಟ್ಟೆಯ ಮೇಲೆ ಬಾಗಿ ಎರಡೂ ಕೈ ಅಡ್ಡ ಇಟ್ಟರೆ ಮಾತ್ರ ನಿಜವಾಗಿ ಸಾಕು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ಹೊಸ ಸೊಸೆ ಹಂದಿ ಸಾರಿನ ಪಾತ್ರೆ ಹಿಡಿದು ಬಂದಳು. ಹಂದಿ ತಿನ್ನದ ಮನೆಯಿಂದ ಬಂದವಳು, ಆದರೂ ಮೂಗು ಆ ಕಡೆ ಈ ಕಡೆ ತಿರುಗಿಸದೆ ಬಡಿಸುತ್ತಿದ್ದಳು. ನನ್ನ ತಟ್ಟೆಯಲ್ಲಿ ಕಡುಬು ಮಾತ್ರ ಇತ್ತು.

“ಹಾಕ್ಲಾ ಅತ್ತೆ?” ಅಂದಳು.

“ಬೇಡ, ಬೇಡ,” ಎಂದು ಬೆರಳು ಬಿಡಿಸಿ ಕೈ ಅಡ್ಡ ಹಿಡಿದೆ.

“ಸರಿ ಅತ್ತೆ,” ಎಂದು ನಕ್ಕು ಮುಂದೆ ಹೋದಳು.

ನಾನು ಹಿಡಿದ ಕೈ ಹಿಡಿದೇ ಇದ್ದೆ. ಬೆಳಿಗ್ಗೆಯಿಂದ ಕಾಫಿ ಬಿಟ್ಟರೆ ಏನೂ ತಿಂದಿರಲಿಲ್ಲ. ಸಾರಿನ ಪರಿಮಳ ಸಾಲಿನ ಆ ತುದಿಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಅತ್ತೆ ನನ್ನ ತಟ್ಟೆ ನೋಡಿ, ಮುಖ ನೋಡಿದರು.

“ಹಸಿವಾಗ್ತಾ ಉಟ್ಟಲ್ಲಾ? ಮತ್ತೆ ಬೇಡ ಹೇಳ್ದು ಎಂಥಕೆ?”

ಹಂದಿ ಸಾರಿಗೋಸ್ಕರ ಕಣ್ಣಲ್ಲಿ ನೀರು ಬರುವ ವಯಸ್ಸಲ್ಲ ನನ್ನದು. ಆದರೂ ಬಂತು. ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ನಾನು ಹೀಗೇ ಕೈ ಅಡ್ಡ ಹಿಡಿದಿದ್ದೆ, ಅದೂ ‘ಸರಿ’ ಎಂದು ಮುಂದೆ ಹೋಗಿತ್ತು. ಹುಡುಗಿಯ ತಪ್ಪೂ ಇಲ್ಲ, ಮೊಬೈಲಿನ ತಪ್ಪೂ ಇಲ್ಲ. ಇನ್ನೂ ಒಂದು ಮಾತನ್ನು ಆ ತಟ್ಟೆಯ ಮುಂದೆ ಒಪ್ಪಿಕೊಳ್ಳಬೇಕಾಯಿತು. ಇದು ಬರೀ ಮರ್ಯಾದೆ ಅಲ್ಲ. ಬೇಕು ಎಂದು ಹೇಳಿದ ಮೇಲೆ ಸಿಗದಿದ್ದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು ಎಂಬ ಹೆದರಿಕೆ. ಪರೀಕ್ಷೆ ಅಷ್ಟರ ಮಟ್ಟಿಗೆ ನನ್ನನ್ನು ಸರಿಯಾಗಿಯೇ ಹಿಡಿದಿತ್ತು.

ಮರುದಿನ ಆಳುಗಳನ್ನು ಕೊಯ್ಲಿಗೆ ಕಳಿಸಿದವಳೇ ಮ್ಯಾನೇಜರರ ಆಫೀಸಿಗೆ ಹೋದೆ. ಅವರು ಕೊಡವರು, ಒಳ್ಳೆಯವರು, ಹೆಚ್ಚು ಮಾತಿನವರಲ್ಲ.

“ರಿಸಲ್ಟ್ ನೋಡಿದೆ,” ಎಂದರು. “ನಂಗೂ ನಗು ಬಂತು. ಮತ್ತೆ ಆಲೋಚನೆ ಮಾಡಿದೆ, ಸರಿಯೇ ಇರಬಹುದು ಅಂತ.”

“ಯಾಕೆ ಸರ್?”

“ಮಳೆಗಾಲದಲ್ಲಿ ನಾನೇ ಕೇಳಿದ್ದೆ ಅಲ್ವಾ? ಅಸಿಸ್ಟೆಂಟ್ ಕೆಲಸಕ್ಕೆ ನಿಮ್ಮ ಹೆಸರು ಹೇಳ್ಲಾ ಅಂತ. ಅಯ್ಯೋ, ನನ್ನಿಂದ ಎಲ್ಲಿ ಆಗ್ತದೆ ಸರ್ ಅಂದ್ರಿ.”

ಹೌದು, ಅಂದಿದ್ದೆ. ಜೀಪಿನ ಪಕ್ಕ, ಕೊಡೆ ಹಿಡಿದು, ನಗುತ್ತಾ. ಆಮೇಲೆ ಅವರು ಮತ್ತೆ ಕೇಳಲೆಂದು ದಿನಾ ಅವರು ಬರುವ ಹೊತ್ತಿಗೆ ಅದೇ ದಾರಿಯಲ್ಲಿ ಏನಾದರೂ ಕೆಲಸ ಹುಡುಕಿ ನಿಲ್ಲುತ್ತಿದ್ದೆ. ಅವರು ಆನೆಯ ಬಗ್ಗೆ ಕೇಳಿದರು, ಪಂಪಿನ ಬಗ್ಗೆ ಕೇಳಿದರು. ಅದನ್ನು ಕೇಳಲಿಲ್ಲ.

“ನಂಗೆ ಆ ಕೆಲಸ ಬೇಕು ಸರ್,” ಎಂದೆ. ತೋಟದ ಆ ತುದಿಯವರನ್ನು ಕರೆಯುವ ಸ್ವರದಲ್ಲಿ ಬಂತು ಮಾತು. ಅಷ್ಟು ಜೋರು ಬೇಕಿರಲಿಲ್ಲ.

ಅವರು ಕನ್ನಡಕ ತೆಗೆದು ಒರೆಸಿದರು. “ಎಂಥ ಮಾಡುದು? ಪೊನ್ನಂಪೇಟೆ ಕಡೆಯವರೊಬ್ಬರಿಗೆ ಆರ್ಡರ್ ಆಗಿಬಿಟ್ಟಿದೆ. ಮುಂದಿನ ವಾರ ಬರ್ತಾರೆ.”

ಇದೇ ಆ ಹೆದರಿಕೆ. ಬೇಕು ಎಂದು ಹೇಳಿಯೂ ಆಗಿತ್ತು, ಇಲ್ಲ ಎಂದು ಕೇಳಿಯೂ ಆಗಿತ್ತು. ಎದ್ದು ಓಡಿ ಹೋಗುತ್ತೇನೆ ಅಂದುಕೊಂಡಿದ್ದೆ. ಕುರ್ಚಿಯಲ್ಲೇ ಕೂತಿದ್ದೆ. ಸಂಕಟವಾಯಿತು, ಸಿಟ್ಟೂ ಬಂತು, ಮುಖ ಮಾತ್ರ ಇದ್ದಲ್ಲೇ ಇತ್ತು.

“ಬೇಜಾರು ಮಾಡ್ಬೇಡಿ,” ಎಂದರು ಅವರು. “ಕಂಪೆನಿಯ ಇನ್ನೊಂದು ತೋಟದಲ್ಲಿ ಮುಂದಿನ ವರ್ಷ ಅಸಿಸ್ಟೆಂಟ್ ಒಬ್ರು ರಿಟೈರ್ ಆಗ್ತಾರೆ. ಆಗ ಖಂಡಿತ ನಿಮ್ಮನ್ನ ಕೇಳ್ತೇನೆ.”

“ಕೇಳುದು ಬೇಡ ಸರ್,” ಎಂದೆ. “ಈಗಲೇ ಹೇಳ್ತಿದ್ದೇನೆ. ಅದು ನಂಗೆ ಬೇಕು. ನನ್ನ ಹೆಸರು ಇವತ್ತೇ ಕಳಿಸಿ.”

ಅವರು ಕಂಪ್ಯೂಟರಿನ ಕಡೆ ತಿರುಗಿದರು. ಮೇಲ್ ಹೋಗುವವರೆಗೆ ನಾನು ಅಲ್ಲಿಂದ ಏಳಲಿಲ್ಲ.