ದನಿ ನಿಂತರೆ ಗಾಡಿ ನಿಲ್ಲಬೇಕು

ಅವರ ಎಡಗಿವಿಯಲ್ಲಿ ಸದಾ ಅತ್ತರು ಹಚ್ಚಿದ ಹತ್ತಿ ಇರುತ್ತಿತ್ತು. ಬಲಗಿವಿಯಲ್ಲಿ ಎಂದೂ ಇರುತ್ತಿರಲಿಲ್ಲ. ಲಾರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ವರ್ಷಗಟ್ಟಲೆ ಬಿಸಿಲುಂಡು ಬಲಗೆನ್ನೆ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಎಡಗೆನ್ನೆ ಮಾತ್ರ ಗೋದಿಬಣ್ಣದ್ದಾಗಿಯೇ ಉಳಿದಿತ್ತು. ಒಂದೇ ಕಿವಿಗೆ ಅತ್ತರೇಕೆ ಎಂದು ಕೇಳಿದರೆ, "ಬಲಗಿವಿ ಡ್ಯೂಟಿ ಮ್ಯಾಲೈತ್ರಿ, ಅದಕ್ಕ ಸಿಂಗಾರ ಇಲ್ಲ" ಎನ್ನುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಚಿಕ್ಕೋಡಿಯಲ್ಲಿ ಬಿ.ಕಾಂ. ಮುಗಿಸಿ ನಿಪ್ಪಾಣಿಯ ಒಂದು ತಂಬಾಕು ವಖಾರಿಯಲ್ಲಿ, ಎಂದರೆ ಗೋದಾಮಿನಲ್ಲಿ, ಕಾರಕೂನನಾಗಿದ್ದೆ. ಅವರು ಅಲ್ಲಿ ಟ್ರೇಲರ್ ಲಾರಿಯ ಡ್ರೈವರ್. ಬೇಡಕಿಹಾಳದ ಕಬ್ಬಿನ ಹೊಲದ ಮನೆತನ; ಅಣ್ಣತಮ್ಮಂದಿರು ಹೊಲ ಹಿಡಿದರೆ ಇವರು ಸ್ಟೇರಿಂಗ್ ಹಿಡಿದಿದ್ದರು. ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದೆವು. ವಿನಯ ಎಂಬುದು ಅವರ ಹತ್ತಿರ ಸುಳಿದಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹುರಿಮೀಸೆ. ಗಾಡಿ ನಿಲ್ಲಿಸಿ ಇಳಿದವರೇ ಮೊದಲು ಪಕ್ಕದ ಕನ್ನಡಿಗೆ ಬಗ್ಗಿ ಮೀಸೆ ತೀಡಿಕೊಳ್ಳುತ್ತಿದ್ದರು. ಕನ್ನಡಿ ಇರುವುದೇ ಅದಕ್ಕೆ, ಗಾಡಿ ಹಿಂದೆ ತರುವುದಕ್ಕಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ತಮ್ಮಂಥ ಡ್ರೈವರ್ ಕೊಲ್ಹಾಪುರದಿಂದ ಬೆಳಗಾವಿಯ ತನಕ ಇನ್ನೊಬ್ಬನಿಲ್ಲ ಎಂಬುದನ್ನೂ ಹಾಗೆಯೇ.

ವಖಾರಿಯ ಅಂಗಳ ಹೆದ್ದಾರಿಯಿಂದ ಕೆಳಗೆ ಇಳಿಜಾರು. ಇಳಿಜಾರಿನ ತುದಿಗೆ ಮಾಲು ಏರಿಸಿ ಇಳಿಸುವ ಕಲ್ಲಿನ ಕಟ್ಟೆ, ಟ್ರೇಲರಿನ ತಳದಷ್ಟೇ ಎತ್ತರ. ತುಂಬಿದ ಟ್ರೇಲರನ್ನು ಹಿಮ್ಮುಖವಾಗಿ ಇಳಿಸಿ, ಅದರ ಹಿಂಬದಿ ಕಟ್ಟೆಗೆ ತಾಗಿಯೂ ತಾಗದಂತೆ ನಿಲ್ಲಿಸಬೇಕು. ಮುಂದಿನ ಲಾರಿಯನ್ನು ಬಲಕ್ಕೆ ತಿರುಗಿಸಿದರೆ ಹಿಂದಿನ ಟ್ರೇಲರ್ ಎಡಕ್ಕೆ ಹೊರಳುತ್ತದೆ. "ಟ್ರೇಲರ್ ಅಂದ್ರ ಮನೀ ಅಳ್ಯಾ ಇದ್ದಂಗ. ಎತ್ತ ಕರಿತೀರಿ ಅತ್ತ ಬರೂದಿಲ್ಲ. ಬ್ಯಾರೆ ಕಡೆ ಕರೀಬೇಕು, ತಾನ ಬರತಾನ" ಎನ್ನುವುದು ಕಾಕಾನ ಮಾತು.

ಹಿಂದೆ ಬರುವ ಲಾರಿಗೆ ನಮ್ಮ ಕಡೆ ಇದ್ದಬದ್ದವರೆಲ್ಲ ದಾರಿ ಹೇಳುತ್ತಾರೆ. ಚಹಾ ಕುಡಿಯಲು ಬಂದವನೂ ಕೈಬೀಸಿ "ಬರ್ರಿ, ಬರ್ರಿ" ಎನ್ನುತ್ತಾನೆ. ಕಾಕಾ ಇದನ್ನು ಸಹಿಸುತ್ತಿರಲಿಲ್ಲ. ಅವರು ಗಾಡಿ ಹಿಂದೆ ತರುವಾಗ ಅಂಗಳದಲ್ಲಿ ಒಂದೇ ದನಿ ಇರಬೇಕು. ಆ ದನಿಗೆ ಅವರು ಆರಿಸಿಕೊಂಡದ್ದು ತಂಬಾಕು ಸಾಣಿಸುವ ಹೆಂಗಸರಲ್ಲೇ ಹಿರಿಯಳಾದ ಒಬ್ಬಳನ್ನು. ಎಲ್ಲರಿಗೂ ಅವಳು ಆಯಿ. ನಳದ ಕಟ್ಟೆಯಲ್ಲಿ ಅವಳು ಜಗಳಕ್ಕೆ ನಿಂತರೆ ಹೆದ್ದಾರಿಯ ತನಕ ಕೇಳುತ್ತಿತ್ತಂತೆ. ಕಾಕಾನ ಮೀಸೆಗೆ ಹೆದರದವಳೂ ಅವಳೊಬ್ಬಳೇ. ಕಟ್ಟೆಯ ಮೂಲೆಯಲ್ಲಿ ನಿಂತು, ಬಾಯಿಗೆ ಕಟ್ಟಿದ ಅರಿವೆ ಸಡಿಲಿಸಿ, ಹಾಡಿನ ಹಾಗೆ ಎಡೆಬಿಡದೆ "ಬಾ... ಬಾ... ಬಾ..." ಎನ್ನುತ್ತಿದ್ದಳು. 'ನಿಲ್ಲು' ಎನ್ನುವ ಪದ್ಧತಿ ಅವರಲ್ಲಿ ಇರಲೇ ಇಲ್ಲ. ದನಿ ನಿಂತರೆ ಗಾಡಿ ನಿಲ್ಲುತ್ತಿತ್ತು. ಇದೇಕೆ ಹೀಗೆ ಎಂದು ಒಮ್ಮೆ ಕಾಕಾನನ್ನು ಕೇಳಿದ್ದೆ.

"ನಿಲ್ಲ ಅನ್ನಾಕ ಮನಷ್ಯಾಗ ಉಸರ ಬೇಕ್ರಿ, ಕಾರಕೂನ್ರ. ಉಸರ ಹಾರಿದ ಹೊತ್ತಿನ್ಯಾಗ ಯಾರ ಅನ್ನವ್ರು?"

ಅದು ಆಗ ನನಗೆ ಬರೀ ಮಾತಾಗಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಗಾಳಿ ಎದ್ದು ಅಂಗಳದ ತುಂಬ ತಂಬಾಕಿನ ಧೂಳು ಹಾರುತ್ತಿತ್ತು. ತುಂಬಿದ ಟ್ರೇಲರ್ ನಿಧಾನ ಇಳಿದು ಬರುತ್ತಿತ್ತು. ನಾನು ಕಟ್ಟೆಯ ಮೇಲೆ ತೂಕದ ಕಾಟಾದ ಹತ್ತಿರ ನಿಂತಿದ್ದೆ. ಆಯಿ ಕೂಗುತ್ತಿದ್ದಳು. ಅಷ್ಟರಲ್ಲಿ ಅವಳ ಗಂಟಲಿಗೆ ಧೂಳು ಹೊಕ್ಕು ಕೆಮ್ಮು ಹತ್ತಿತು. ಕೆಮ್ಮುತ್ತ ಬಗ್ಗಿದಳು, ತೂರಾಡಿದಳು, ಅಂಚಿನಲ್ಲಿ ಕಾಲು ಜಾರಿ ಕಟ್ಟೆಗೂ ಟ್ರೇಲರಿಗೂ ನಡುವೆ ಇಳಿದಳು. ಮೊಳಕೈ ಎರಡೂ ಅಂಚಿಗೆ ಸಿಕ್ಕು ಎದೆಮಟ್ಟಕ್ಕೆ ತೂಗಾಡಿದಳು.

ಕಟ್ಟೆಯ ಆಚೆ ತುದಿಯ ಹಮಾಲರಿಗೆ ಚೀಲದ ಒಟ್ಟಿಲು ಅಡ್ಡ ಇತ್ತು. ಅವರಿಗೆ ಕಂಡದ್ದು ಉಳಿದ ಸಂದಿ ಮಾತ್ರ. ಮುದುಕಿಯ ಗಂಟಲು ಕಟ್ಟಿತೆಂದುಕೊಂಡು ರೂಢಿಯ ಬಲದಿಂದ ತಾವೇ ಶುರು ಮಾಡಿದರು: "ಬರ್ರಿ ಕಾಕಾ, ಬರ್ರಿ, ಇನ್ನ ಮೊಳ ಐತಿ, ಬರ್ರಿ." ನಾನು ಎಲ್ಲವನ್ನೂ ನೋಡುತ್ತಿದ್ದೆ. ನನ್ನ ಬಾಯಿ ತೆರೆದಿತ್ತು. ಉಸಿರು ಇರಲಿಲ್ಲ.

ಟ್ರೇಲರ್ ನಿಂತಿತು.

ಅಷ್ಟೊಂದು "ಬರ್ರಿ"ಗಳ ನಡುವೆ, ಒಂದು ದನಿ ಇಲ್ಲದ್ದನ್ನು ಆ ಬಲಗಿವಿ ಕೇಳಿತ್ತು. ಆದರೂ ಭಾರದ ಗಾಡಿ ನಿಲ್ಲುವಷ್ಟರಲ್ಲಿ ಹಿಂಬದಿಯ ಹಲಗೆ ಆಯಿಯ ಬೆನ್ನಿಗೆ ಒತ್ತಿತ್ತು. ಮೇಲೆ ಎಳೆಯಲು ಬಾರದು, ಕೆಳಗೆ ಜಾರಿಸಲು ಬಾರದು.

ಈಗ ಗಾಡಿ ಮುಂದೆ ಹೋಗಬೇಕು. ಏರಿನಲ್ಲಿ ತುಂಬಿದ ಗಾಡಿ, ಬ್ರೇಕು ಬಿಟ್ಟ ಗಳಿಗೆ, ತುಸು ಹಿಂದೆ ಜಾರಿಯೇ ಮುಂದೆ ಹೋಗುವುದು. ಆ ತುಸುವಿಗೆ ಅಲ್ಲಿ ಜಾಗವಿರಲಿಲ್ಲ. ಅಲ್ಲಿದ್ದದ್ದು ಆಯಿಯ ಪಕ್ಕೆಲುಬು. ಹಮಾಲರು ಓಡಿಬಂದು ಗಾಲಿಗಳ ಹಿಂದೆ ಕಲ್ಲು ಕೊಟ್ಟರು. ಕಾಕಾ ಇಳಿದು ಬಂದು ನೋಡಿ, ಕಲ್ಲು ನೆಲಕ್ಕೆ ಕೂಡುವತನಕ ಗಾಡಿ ಒಂದು ಬೆರಳು ಹಿಂದೆ ಬರುತ್ತದೆ, ಆಕೆಯ ಹತ್ತಿರ ಒಂದು ಬೆರಳಿನ ಜಾಗವೂ ಇಲ್ಲ ಎಂದರು. ಆಮೇಲೆ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಅವಳ ಮುಖಕ್ಕೆ ಮುಖ ತಂದರು.

"ಆಯಿ, ನನ್ನ ಬೈ. ಬೈಕೋತ ಇರು. ಬಿಡಬ್ಯಾಡ."

ನನ್ನ ಕಡೆ ತಿರುಗಿದರು. "ಆಕಿ ದನಿ ನನಗ ಮುಟ್ಟೂದಿಲ್ಲ. ಆಕಿ ಏನ ಬೈತಾಳ, ನೀವ ಹಂಗ ಒದರ್ರಿ. ನಾಚಬ್ಯಾಡ್ರಿ. ಆಕಿ ನಿಂತ್ರ ನೀವೂ ನಿಲ್ರಿ."

ನಾನು ಬೋರಲಾಗಿ ಮಲಗಿ ಅವಳ ಬಾಯಿಗೆ ಕಿವಿ ಕೊಟ್ಟೆ. ಎಂಜಿನ್ ಗುಡುಗಿತು. ಕಟ್ಟೆಯ ಕಲ್ಲು ನನ್ನ ಎದೆಯ ಕೆಳಗೆ ನಡುಗುತ್ತಿತ್ತು.

"ಮೇಲ್ಯಾ" ಎಂದಳು ಆಯಿ. ಗಡಿನಾಡಿನ ಮುದುಕಿಯರ ಬಾಯಲ್ಲಿ ಇದು ಮರಾಠಿಯ ಹಳೆಯ ಬೈಗಳು, ಸತ್ತವನೇ ಎಂದರ್ಥ. ನಾನು ಒದರಿದೆ. "ಅತ್ತರ ಬುಡ್ಡಿ." ಒದರಿದೆ. "ನಿನ್ನ ಮೀಸಿಗೆ ಬೆಂಕಿ ಹಚ್ಚಲಿ." ಅದನ್ನೂ. ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಎಂಜಿನ್ನಿನ ಸದ್ದು ಏರುತ್ತಿತ್ತು, ಗಾಡಿ ಕದಲುತ್ತಿರಲಿಲ್ಲ. ಆಯಿಯ ತುಟಿ ನಿಂತಿತು. ಕಣ್ಣು ಮೇಲಾಯಿತು. ನಾನೂ ನಿಂತೆ.

ಆಗ ನಡೆದದ್ದನ್ನು ನಾನು ಇವತ್ತಿಗೂ ಮತ್ತೆ ಮತ್ತೆ ನೋಡುತ್ತೇನೆ. ಬ್ರೇಕು ಅರ್ಧ ಬಿಟ್ಟಾಗಿತ್ತು, ಕ್ಲಚ್ಚು ಅರ್ಧ ಹಿಡಿದಿತ್ತು. ಅಷ್ಟು ತಂಬಾಕು, ಅಷ್ಟು ಕಬ್ಬಿಣ, ಇಳಿಜಾರಿನಲ್ಲಿ ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಅವರ ಎರಡು ಪಾದಗಳ ಮೇಲೆ ನಿಂತಿತ್ತು. ಎಂಜಿನ್ ಒಂದೇ ಸಮನೆ ನರಳುತ್ತಿತ್ತು. ಸುಟ್ಟ ಕ್ಲಚ್ಚಿನ ವಾಸನೆ. ಕಿಟಕಿಯಿಂದ ಹೊರಬಂದ ಆ ಕಪ್ಪು ಕೆನ್ನೆ, ಆ ಬರಿಗಿವಿ. ಅವರು ಹಿಂದೆ ತಿರುಗಿ ನೋಡಲಿಲ್ಲ. ಕಾದರು.

ಆಯಿ ಒಂದು ಎಳೆ ಉಸಿರು ಎಳೆದುಕೊಂಡು, "ಬಾಡ್ಯಾ, ಸತ್ತಿ ಏನ್ ಮುಂದ?" ಎಂದಳು. ನಾನು ಒದರಿದೆನೋ ಅತ್ತೆನೋ ತಿಳಿಯದು. ಹಾಲಿನ ಮೇಲಿನ ಕೆನೆ ಸರಿದ ಹಾಗೆ ಹಲಗೆ ಅವಳ ಬೆನ್ನಿನಿಂದ ಸರಿಯಿತು. ಹಿಂದಕ್ಕೆ ಒಂದು ಕೂದಲಷ್ಟೂ ಬರಲಿಲ್ಲ.

ಹೆಂಗಸರು ಅವಳನ್ನು ಮೇಲೆಳೆದು ಗೋಡೆಗೆ ಆನಿಸಿ ಕೂಡಿಸಿದರು. ಕಾಕಾ ಇಳಿದು ಬಂದರು. ಬಿಳಿ ಅಂಗಿ ಬೆವರಿಗೆ ಮೈಗಂಟಿತ್ತು. ಕನ್ನಡಿಯ ಮುಂದೆಯೇ ಹಾದು ಬಂದರೂ ನೋಡಿಕೊಳ್ಳಲಿಲ್ಲ. ಆಯಿ ಅದನ್ನು ಗಮನಿಸಿದಳು.

"ಏ, ಮೀಸಿ ಇಳದೈತಿ ನೋಡ. ತೀಡ್ಕೊ."

ಅವರು ಗೋಡೆಯ ಕಡೆ ತಿರುಗಿದರು. ಎಲ್ಲದಕ್ಕೂ ಜಂಬ ಕೊಚ್ಚುತ್ತಿದ್ದ ಮನುಷ್ಯ ಈ ಒಂದರ ಬಗ್ಗೆ ಎಂದೂ ಬಾಯಿ ಬಿಡಲಿಲ್ಲ. ಮುರಿದಿದ್ದ ಪಕ್ಕೆಲುಬು ಕೂಡಿದ ಮೇಲೆ ಆಯಿ ಮತ್ತೆ ಕಟ್ಟೆಯ ಮೂಲೆಗೆ ಬಂದು ನಿಂತಳು.

ತೊಂಬತ್ತರ ದಶಕದ ನಡುವೆ ಕಾಕಾ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾನು ಆಯಿಯನ್ನು ಬಸ್ಸಿನಲ್ಲಿ ಬೇಡಕಿಹಾಳಕ್ಕೆ ಕರೆದುಕೊಂಡು ಹೋದೆ. ಅವರ ಓಣಿ ಇಕ್ಕಟ್ಟು. ಹೆಣ ತಂದ ಟೆಂಪೋ ಹಿಮ್ಮುಖವಾಗಿಯೇ ಮನೆ ಬಾಗಿಲಿಗೆ ಬರಬೇಕಾಗಿತ್ತು. ಓಣಿಗೆ ಓಣಿಯೇ "ಬರ್ರಿ, ಬರ್ರಿ" ಎಂದು ಕೈಬೀಸುತ್ತಿತ್ತು. ಆಯಿ ಎಲ್ಲರನ್ನೂ ಸರಿಸಿ ಮುಂದೆ ಬಂದು, ಸುಮ್ಮನಿರಲು ಹೇಳಿದಳು. ದನಿ ನಿಂತರೆ ಗಾಡಿ ನಿಲ್ಲಿಸಬೇಕೆಂದು ನಾನು ಡ್ರೈವರನಿಗೆ ತಿಳಿಸಿದೆ. ಸೀಳಿದ ಗಂಟಲಲ್ಲಿ "ಬಾ... ಬಾ... ಬಾ..." ಎನ್ನುತ್ತ ಅವಳು ಅವರನ್ನು ಹೊಸ್ತಿಲ ತನಕ ತಂದಳು. ಅಲ್ಲಿ ದನಿ ನಿಂತಿತು.

ಆಸ್ಪತ್ರೆಯವರು ಅವರ ಎರಡೂ ಕಿವಿಗೆ ಹತ್ತಿ ಇಟ್ಟಿದ್ದರು. ಆಯಿ ಬಗ್ಗಿ ಬಲಗಿವಿಯದನ್ನು ತೆಗೆದಳು.