ಎರಡನೇ ರಕ್ತ ಕೊಡದವರು

ನೆಲಕ್ಕೆ ಕೂರುವಾಗ ನಮ್ಮ ಗುರುಗಳ ಎರಡೂ ಮಂಡಿ ಲಟಲಟ ಅನ್ನುತ್ತಿದ್ದವು. ಆರಡಿ ಆಳು. ಒಂದು ಕೈ ಗೋಡೆಗೆ ಕೊಟ್ಟು, ಕೋಲಾರದ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ತಾಯಂದಿರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೇ ಮಾತು ಶುರುಮಾಡುವರು. "ನಿಂತ್ಕೊಂಡು ಕೇಳಿದ್ರೆ ಅದು ಅಪ್ಪಣೆ ಆಗುತ್ತೆ ಕಣಯ್ಯ, ಕೇಳಿದಂಗಾಗಲ್ಲ" ಅನ್ನುವರು.

ಎಪ್ಪತ್ತರ ದಶಕದ ಕೊನೆ. ಎಂ.ಡಿ. ಮುಗಿಸಿ, ಸಾಂಕ್ರಾಮಿಕ ರೋಗಗಳ ಸಂಶೋಧನೆ ಕಲಿಯಬೇಕೆಂದು ಅವರ ಕೈಕೆಳಗೆ ಸೇರಿದ್ದೆ. ಪ್ರಯೋಗಾಲಯ ಬೆಂಗಳೂರಿನಲ್ಲಿ, ಕಾಯಿಲೆ ಕೋಲಾರ ಜಿಲ್ಲೆಯಲ್ಲಿ. ಮೆದುಳು ಜ್ವರ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲ ಕಡೆಯಿಂದ ಮಕ್ಕಳನ್ನು ಹೊತ್ತು ತರೋರು. ಫಿಟ್ಸ್ ನಿಲ್ಲಿಸೋಕೆ ಔಷಧ ಇತ್ತು, ಆ ಕಾಯಿಲೆಗೆ ಇರಲಿಲ್ಲ. ನಮ್ಮ ಕೈಲಾಗುತ್ತಿದ್ದುದು ಇಷ್ಟೇ: ಇದು ಯಾವ ವೈರಸ್ ಅಂತ ಪತ್ತೆಮಾಡುವುದು. ಅದಕ್ಕೂ ಎರಡು ಸಲ ರಕ್ತ ಬೇಕು. ಬಂದ ದಿನ ಒಂದು, ಎರಡು ವಾರ ಬಿಟ್ಟು ಇನ್ನೊಂದು. ವೈರಸ್ಸಿನ ವಿರುದ್ಧ ಮೈ ಹುಟ್ಟಿಸೋ ಪ್ರತಿಕಾಯ ಎಷ್ಟು ಏರಿದೆ ಅಂತ ಎರಡನ್ನೂ ಹೋಲಿಸಿದರೆ ಉತ್ತರ. ಸತ್ತ ಮಗು ಎರಡನೇ ರಕ್ತ ಎಲ್ಲಿಂದ ಕೊಡುತ್ತೆ? ಬದುಕಿದವರ ಕಾಯಿಲೆ ಮಾತ್ರ ನಮಗೆ ತಿಳಿಯುತ್ತಿತ್ತು. ಇದೂ ಒಂದು ವಿದ್ಯೆಯೇ ಅಂತ ನನಗೆ ಮೈಯೆಲ್ಲ ಉರಿಯೋದು.

ಆಂಧ್ರದ ಗಡಿಗಂಟಿದ ನಂಗಲಿ ಕಡೆಯ ಒಂದು ಹುಡುಗಿ, ಆರೇಳು ವರ್ಷ, ಒಂದು ಬೆಳಗ್ಗೆ ತೀರಿಕೊಂಡಳು. ಅಂಥ ಮಕ್ಕಳ ಮೆದುಳಿನಿಂದ ಸೂಜಿಯಲ್ಲಿ ಒಂದು ಚೂರು ತೆಗೆದರೆ ವೈರಸ್ಸೇ ಸಿಗಬಹುದಿತ್ತು. ಆ ಮಾತನ್ನು ಯಾವ ಬಾಯಲ್ಲಿ ತಾಯಿಯ ಹತ್ತಿರ ಎತ್ತೋದು? ಗುರುಗಳು ನನ್ನನ್ನು ಕಳಿಸಲಿಲ್ಲ, ತಾವೇ ಹೋಗಿ ಕೂತರು. "ಏಮಮ್ಮಾ" ಅಂತ ತೆಲುಗಿನಲ್ಲಿ ಶುರುಮಾಡಿ, ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಿದರು. ಇದರಿಂದ ನಿನ್ನ ಮಗಳಿಗೆ ಏನೂ ಉಪಯೋಗವಿಲ್ಲ ಅಂತಲೂ ಹೇಳಿದರು.

ಆಕೆ ಕೇಳಿದಳು: "ಮನೇಲಿ ಚಿಕ್ಕದೊಂದೈತೆ ಸಾಮಿ. ಅದಕ್ಕೂ ಬಂದ್ರೆ?"

"ಆಗ್ಲೂ ನಮ್ಮ ಹತ್ರ ಔಷಧ ಇಲ್ಲಮ್ಮ. ಯಾವ್ದು ಅಂತ ಗೊತ್ತಾದ್ರೆ, ಮುಂದೆ ಯಾವಾಗ್ಲಾದ್ರೂ ತಡೆಯೋಕೆ ದಾರಿ ಸಿಗಬಹುದು."

"ತಗೊಳ್ಳಿ. ಜಡೆ ಮಾತ್ರ ಬಿಚ್ಚಬೇಡಿ, ನಾನೇ ಹಾಕಿದ್ದು."

ಜಡೆ ಬಿಚ್ಚಲಿಲ್ಲ. ಚೂರನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು ಬೆಂಗಳೂರು ಬಸ್ಸು ಹತ್ತಿದೆವು. ರಸ್ತೆಯಲ್ಲಿ ಎಲ್ಲಿ ಏಟು ಬಿತ್ತೋ, ಇಳಿದು ನೋಡಿದರೆ ಒಳಗಿನ ಗಾಜು ಒಡೆದು ಐಸೆಲ್ಲ ನೀರಾಗಿತ್ತು. ಆದರೂ ಪರೀಕ್ಷೆಗೆ ಹಾಕಿದೆವು. ತಂಪು ತಪ್ಪಿ ವೈರಸ್ ಸತ್ತಿತ್ತೋ ಏನೋ, ಏನೂ ಸಿಗಲಿಲ್ಲ. ನನಗೆ ಅಳು ಬಂತು.

ಅಲ್ಲಿಗೇ ಬಿಡಬಹುದಿತ್ತು. ಆಕೆಯೇನು ಬೆಂಗಳೂರಿಗೆ ಬಂದು ಕೇಳುತ್ತಿದ್ದಳೇ? ಗುರುಗಳು ನನ್ನನ್ನೂ ಎಳೆದುಕೊಂಡು ಆಕೆಯ ಊರಿಗೆ ಹೊರಟರು. "ಸಮಾಧಾನಕ್ಕೆ ಏನೋ ಒಂದು ಹೇಳಿಬಿಡಿ ಸಾರ್" ಅಂದೆ ದಾರಿಯಲ್ಲಿ.

"ಸುಳ್ಳು ಹೇಳೋಕೆ ಇಷ್ಟು ದೂರ ಯಾಕಯ್ಯ ಬರ್ಬೇಕು?" ಅಂದರು.

ಗುರುಗಳು ತೀರಿಕೊಂಡು ಎಷ್ಟೋ ವರ್ಷವಾಯಿತು. ನಾನೂ ಹುಡುಗರಿಗೆ ಸಂಶೋಧನೆ ಕಲಿಸಿ ನಿವೃತ್ತನಾದೆ. ಪ್ರಬಂಧ ಬರೆಯೋದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಅವತ್ತು ಆ ಮನೆಯ ಜಗಲಿಯ ಮೇಲೆ ಅವರು ಕಲಿಸಿದ್ದನ್ನು ಮಾತ್ರ ನನ್ನಿಂದ ಯಾರಿಗೂ ದಾಟಿಸಲಾಗಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ ಮುಗಿಸಿದರು. ಆ ತಾಯಿ ಚಿಕ್ಕ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಅವರನ್ನೇ ನೋಡಿದಳು.

"ಹಂಗಾದ್ರೆ ನನ್ ಕೂಸ್ನ ಸುಮ್‌ಸುಮ್ನೆ ಚುಚ್ಚಿದ್ರಾ ಸಾಮಿ?"

"ಹೌದಮ್ಮ" ಅಂದರು ಗುರುಗಳು. "ಸುಮ್‌ಸುಮ್ನೆ ಚುಚ್ಚಿದ್ವಿ."