ಪರಿಚಯ ಹೇಳಿಕೊಂಡ ಶತ್ರುವಿಮಾನ

ಕಳೆದ ಡಿಸೆಂಬರಿನ ಎರಡನೇ ಶನಿವಾರ ಸಂಜೆ, ಬೆಳ್ತಂಗಡಿ ತಾಲೂಕಿನ ಮುಂಡಾಜೆ ಸಮೀಪದ ಶಾಲೆಯೊಂದರ ವೇದಿಕೆಯಲ್ಲಿ, ಬಂದರಿನಲ್ಲಿ ನಿಂತಿದ್ದ ಯುದ್ಧನೌಕೆಯ ಮೇಲೆ ಹಠಾತ್ ದಾಳಿ ನಡೆಯಿತು. ನೌಕೆ ಪ್ಲೈವುಡ್ಡಿನದು, ಫಿರಂಗಿ ಪಿವಿಸಿ ಪೈಪಿನದು. ಹಳೆ ವಿದ್ಯಾರ್ಥಿ ಸಂಘದ ನಾಟಕ. ಪರದೆ ಎಳೆಯುವ ಕೆಲಸ ನನ್ನದು.

ಆಡಿಸಿದವರು ನನ್ನ ಭಾವ. ನೌಕಾಪಡೆಯ ಫಿರಂಗಿ ವಿಭಾಗದಲ್ಲಿದ್ದು ನಿವೃತ್ತರಾದವರು. ಮುಖ್ಯ ಅತಿಥಿ ಅವರ ಹಡಗಿನ ಹಿಂದಿನ ಅಧಿಕಾರಿ, ಮೂಡುಬಿದಿರೆಯವರು. "ನಿಮ್ಮ ಬೆಳ್ತಂಗಡಿಯವರು ವೈರಿ ಬಂದರೂ ಬೆಲ್ಲ ನೀರು ಕೊಟ್ಟು ಕೂರಿಸುವವರು" ಎಂದು ಸೇವೆಯುದ್ದಕ್ಕೂ ಭಾವನನ್ನು ಕೆಣಕುತ್ತಿದ್ದರಂತೆ. ಅದು ಸುಳ್ಳೆಂದು ಅವರ ಕಣ್ಣೆದುರೇ ತೋರಿಸಬೇಕೆಂಬುದು ಭಾವನ ಹಠ. ಸೈರನ್ ಆದ ಕೂಡಲೇ ಎಲ್ಲರೂ ತಮ್ಮ ಜಾಗದಲ್ಲಿರಬೇಕು, ಒಂದು ಮಾತೂ ಕೂಡದು ಎಂದು ತಿಂಗಳಿಡೀ ತಾಲೀಮು ಕೊಟ್ಟಿದ್ದರು.

ಆ ಸಂಜೆ ಸೈರನ್ ಕೂಗಲಿಲ್ಲ. ಯಾರೋ ಸಮಯಪ್ರಜ್ಞೆ ತೋರಿಸಿ ಚೆಂಡೆ ಬಾರಿಸಿದರು.

ಶತ್ರು ಪೈಲಟ್ ಆಗಿದ್ದವರು ಉಜಿರೆಯ ರಿಕ್ಷಾ ಚಾಲಕ. ಹವ್ಯಾಸಿ ಯಕ್ಷಗಾನದಲ್ಲಿ ರಾಕ್ಷಸ ವೇಷ ಅವರದೇ. ಚೆಂಡೆ ಕೇಳಿದ್ದೇ ತಡ, ರಟ್ಟಿನ ರೆಕ್ಕೆ ಕಟ್ಟಿಕೊಂಡು ಆರ್ಭಟಿಸುತ್ತಾ ನುಗ್ಗಿ, ರಂಗಕ್ಕೆ ಸುತ್ತು ಬಂದು, ಬಾಂಬ್ ಹಾಕುವ ಬದಲು ನಿಂತು, "ನಾನು ಯಾರೆಂದು ಬಲ್ಲಿರೋ?" ಎಂದರು.

"ಬಾಂಬ್ ಹಾಕು ಮಾರಾಯ!" ಎಂದರು ಭಾವ, ಪರದೆಯ ಬದಿಯಿಂದ.

ಪೈಲಟ್ ರೆಕ್ಕೆಯ ಮರೆಯಲ್ಲಿ ಪಿಸುಗುಟ್ಟಿದರು: "ಪರಿಚಯ ಹೇಳದೆ ಹೇಗೆ ಹಾಕುವುದು ಅಣ್ಣ? ಒಂದು ಮರ್ಯಾದೆ ಬೇಡವಾ?"

ಕ್ಯಾಪ್ಟನ್ ಪಾತ್ರದ ಬಿ.ಸಿ.ರೋಡಿನ ಬಟ್ಟೆ ವ್ಯಾಪಾರಿ ತಾಳಮದ್ದಳೆಯಲ್ಲಿ ಕೂತು ವಾದ ಮಾಡುವವರು. ಎದುರಾಳಿ ಬಾಯಿ ತೆರೆದ ಮೇಲೆ ಅವರು ಸುಮ್ಮನಿರುವುದುಂಟೇ? "ಎಲೈ ಪೈಲಟನೇ, ಕರೆಯದೆ ಬಂದರಿಗೆ ಬಂದ ಕಾರಣವೇನು?" ಪೈಲಟ್ ಕಾರಣ ಹೇಳಿದರು. ಕ್ಯಾಪ್ಟನ್ ಧರ್ಮಯುದ್ಧದ ನಿಯಮ ಎತ್ತಿದರು. ಪೈಲಟ್ ಖಂಡಿಸಿದರು. ಸಭೆ ಚಪ್ಪಾಳೆ ತಟ್ಟಿತು.

"ಗುಂಡು ಹಾರಿಸ್ಲಿಕ್ಕೆ ಹೇಳಿ ಮಾರಾಯ್ರೆ!" ಭಾವ ಗೋಗರೆದರು.

"ಅವರದ್ದು ಮುಗಿಯಲಿ" ಎಂದರು ಕ್ಯಾಪ್ಟನ್.

ಫಿರಂಗಿಯ ಹಿಂದೆ ಅಂಗನವಾಡಿ ಟೀಚರ್ ಮತ್ತು ಹಾಲಿನ ಸೊಸೈಟಿಯ ಕಾರ್ಯದರ್ಶಿ ಇದ್ದರು. ಚೆಂಡೆಯ ಮೊದಲ ಪೆಟ್ಟಿಗೇ ಮಂಡಿಯೂರಿ ಜಾಗ ಹಿಡಿದಿದ್ದರು. ಪೈಲಟ್ ಅತ್ತ ಕುಣಿದರೆ ಪೈಪು ಅತ್ತ, ಇತ್ತ ಕುಣಿದರೆ ಇತ್ತ. ಕಡೆಗೆ ಆಜ್ಞೆ ಬಂತು. ವೇದಿಕೆಯ ಹಿಂದೆ ಗರ್ನಾಲು ಪಟಾಕಿ ಸಿಡಿಯಿತು. ಪೈಲಟ್ ಇನ್ನೊಂದು ಸುತ್ತು ಕುಣಿದು ಬಿದ್ದರು. ನಾನು ಪರದೆ ಎಳೆದೆ.

ಭಾವ ಸಭೆಯ ಕಡೆ ಹೋಗಲೇ ಇಲ್ಲ. ಅಧಿಕಾರಿಯೇ ಪರದೆಯ ಹಿಂದೆ ಬಂದರು. ನಗು ತಡೆಯಲಾಗದೆ ಕಣ್ಣೊರೆಸಿಕೊಳ್ಳುತ್ತಿದ್ದರು.

"ಬೆಲ್ಲ ನೀರು ಒಂದು ಬಾಕಿ ಆಯ್ತು ನೋಡು."

"ಮರ್ಯಾದೆ ಹೋಯ್ತು ಸರ್."

"ಎಂಥದ್ದು ಹೋದದ್ದು? ಆ ಟೀಚರ್ ಅಷ್ಟು ಹೊತ್ತು ಗುರಿ ಬಿಡಲಿಲ್ಲ. ನಿನ್ನ ಫಿರಂಗಿ ರೆಡಿ ಇತ್ತು ಮಾರಾಯ. ತಡ ಮಾಡಿದ್ದು ಆಫೀಸರ್."

ಭಾವ ಅಲ್ಲೇ ಸೆಲ್ಯೂಟ್ ಹೊಡೆದರು.

ಈ ಡಿಸೆಂಬರಿನಲ್ಲಿ ಅದೇ ನಾಟಕ ಮತ್ತೆ ಉಂಟು. ಕ್ಯಾಪ್ಟನ್ ಪಾತ್ರ ಮೂಡುಬಿದಿರೆಯ ಅಧಿಕಾರಿಯವರದು. ವಾದ ಮಾಡುವುದನ್ನು ಕಲಿಯಲು ಅವರು ಭಾನುವಾರಗಳಂದು ಬಿ.ಸಿ.ರೋಡಿನ ಬಟ್ಟೆ ಅಂಗಡಿಗೆ ಹೋಗುತ್ತಿದ್ದಾರೆ.